ಈ ಹೆಣಕ್ಕೆ ಅವಸರವಿಲ್ಲ

ಗೌಂಡಿ ಅಬ್ದುಲ್ ರಜಾಕ್ ಸತ್ತ ದಿನ ಅವನ ಮನೆಯಲ್ಲಿ ಹೆಣ ತೊಳೆಯಲು ಒಂದು ಸಾಬೂನೂ ಇರಲಿಲ್ಲ. ಪಕ್ಕದ ಮನೆಯ ಸುಮನಬಾಯಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಚಂದನದ ಸಾಬೂನು ತಂದುಕೊಟ್ಟಳು. ಬದುಕಿದ್ದಾಗ ಅಂಥ ಸಾಬೂನಿನ ಗಾಳಿಯೂ ಸೋಕದ ಗಂಡಸು, ಸತ್ತ ಮೇಲೆ ಮದುಮಗನ ಹಾಗೆ ಘಮಘಮ ಅಂದ.

ಮುಡಬಿಯಲ್ಲಿ ಅವನು ಕಟ್ಟದ ಗೋಡೆ ಹುಡುಕಿದರೆ ಸಿಗುತ್ತಿರಲಿಲ್ಲ. ಅವನ ಕರಣಿ ಮುಟ್ಟಿದ ಗೋಡೆಗೆ ಭೂಕಂಪ ಕೂಡ ಸಲಾಂ ಹೊಡೆದು ಪಕ್ಕದ ಊರಿಗೆ ಹೋಗುತ್ತಿತ್ತು ಅನ್ನುವವರಿದ್ದರು. ಆದರೆ ಅವನ ಸ್ವಂತ ಮನೆಯ ಹಿಂದಿನ ಗೋಡೆ ಕಳೆದ ಮಳೆಗೆ ಬಿದ್ದದ್ದು ಬಿದ್ದೇ ಇತ್ತು. ಅಲ್ಲಿ ಸಿಮೆಂಟಿನ ಖಾಲಿ ಚೀಲ ಹೊಲಿದು ಕಟ್ಟಿದ್ದರು. ಗಾಳಿ ಬೀಸಿದರೆ ಆ ಗೋಡೆ ಉಬ್ಬಸದ ರೋಗಿಯ ಹಾಗೆ ಉಸಿರಾಡುತ್ತಿತ್ತು. ಅದರಾಚೆ ಲಾಲಪ್ಪ ಠೇಕೇದಾರನ ಪ್ಲಾಟು. ಅಲ್ಲಿ ಮರಳು ಗುಡ್ಡ ಬಿದ್ದಿತ್ತು, ಇಟ್ಟಿಗೆ ಗುಡ್ಡ ಬಿದ್ದಿತ್ತು. ಒಂದು ಗೋಡೆಗೆ ಬೇಕಾದದ್ದೆಲ್ಲ ಕೈಯಳತೆಯಲ್ಲೇ ಇತ್ತು. ರಜಾಕ್ ಒಂದು ಇಟ್ಟಿಗೆಯನ್ನೂ ಮುಟ್ಟಿದವನಲ್ಲ.

ಹೆಣ ತೊಳೆದವರು ಅವನ ಕೈ ತಿಕ್ಕಿ ತಿಕ್ಕಿ ಸುಸ್ತಾದರು. ಉಗುರಿನೊಳಗಿನ ಸಿಮೆಂಟು ಹೋಗಲಿಲ್ಲ.

"ಇರ್ಲಿ ಬಿಡ್ರಿ," ಅಂದ ಒಬ್ಬ. "ಅಲ್ಲಿ ಭಿ ಏನರೆ ರಿಪೇರಿ ಕೆಲಸ ಇರ್ತದ. ಗೌಂಡಿ ಅಂತ ಗುರ್ತ ಹಿಡೀತಾರ."

ಒಳಗೆ ಕೂತ ಅವನ ಹೆಂಡತಿ ಸರ್ದಾರಬಿ ಅಳುವುದನ್ನು ಬಿಟ್ಟು ಒಂದು ಗಳಿಗೆ ನಕ್ಕಳು. ಆಮೇಲೆ ಆ ನಗೆಗೂ ಸೇರಿಸಿ ಅತ್ತಳು.

ರಜಾಕ್ ಕೊನೆಯ ಏಳು ತಿಂಗಳು ಲಾಲಪ್ಪನ ಕೈಕೆಳಗೆ ದುಡಿದಿದ್ದ. ಮುಡಬಿಯಿಂದ ಹುಮನಾಬಾದ ಕಡೆ ಹೋಗುವ ದಾರಿಯಲ್ಲಿ ಮೋರಿ ಕಟ್ಟುವುದು, ಗಟಾರು ಕಟ್ಟುವುದು. ಪಗಾರ ಕೇಳಿದರೆ ಲಾಲಪ್ಪನ ಬಾಯಲ್ಲಿ ಒಂದೇ ಮಾತು: "ಬಿಲ್ ಆಗಿಲ್ಲ." ಸರ್ಕಾರ ಅವನಿಗೆ ಕೊಡಬೇಕಾದ ರೊಕ್ಕ ಇನ್ನೂ ಬಂದಿಲ್ಲ ಅಂತ ಅದರ ಅರ್ಥ. ಆ ಬಿಲ್ಲು ಬೆಂಗಳೂರಿನಿಂದ ಆಮೆಯ ಮೇಲೆ ಕೂತು ಬರುತ್ತಿತ್ತೋ, ದಾರಿಯಲ್ಲಿ ಆಮೆ ಸತ್ತಿತ್ತೋ ಯಾರಿಗೂ ಗೊತ್ತಿಲ್ಲ. ಕಾದು ಕಾದು ಮುಡಬಿಯ ಕಾಗೆಗಳ ಪುಕ್ಕ ಕೂಡ ಬೆಳ್ಳಗಾದವು. ಅಷ್ಟರಲ್ಲಿ ಹುಮನಾಬಾದಿನಲ್ಲಿ ಲಾಲಪ್ಪನ ಫಂಕ್ಷನ್ ಹಾಲ್ ಮೂರು ಅಂತಸ್ತು ಎದ್ದಿತು. ಬಿಲ್ ಆಗದೆ ಇಷ್ಟೆತ್ತರ. ಆಗಿದ್ದರೆ ಚಂದ್ರ ಬಂದು ಅದರ ಮೂಲೆಗೆ ಹಣೆ ಬಡಿದುಕೊಳ್ಳುತ್ತಿದ್ದ.

ಆ ಓಣಿಯಲ್ಲಿ ಒಂದು ರಿವಾಜಿದೆ. ಹೆಣ ಹೊತ್ತ ಜನಾಜಾ ಮನೆ ಮುಂದಿನಿಂದ ಏಳುವ ಮೊದಲು ಸತ್ತವನ ಮಗ ನಿಂತು, ಅಪ್ಪನ ಸಾಲ ಯಾರಿಗಾದರೂ ಇದೆಯೇ ಎಂದು ಕೇಳಬೇಕು. ಇದ್ದವರು ಹೇಳಬೇಕು. ಮಾಫ್ ಮಾಡಬೇಕು, ಇಲ್ಲ ಮಗನ ಮೇಲೆ ಹಾಕಬೇಕು. ಸಾಲ ಹೊತ್ತವನ ಜೀವ ಮೇಲಿನ ಬಾಗಿಲಲ್ಲಿ ತಡೆದು ನಿಲ್ಲುತ್ತದೆ ಅನ್ನುವ ಅಂಜಿಕೆ. ಹೆಣವನ್ನು ಹೆಚ್ಚು ಹೊತ್ತು ಕಾಯಿಸಬಾರದು ಅನ್ನುವುದು ಇನ್ನೊಂದು ಅಂಜಿಕೆ. ಹಾಗಾಗಿ ಅಲ್ಲಿ ವಾದವಿಲ್ಲ, ಸಾಕ್ಷಿಯಿಲ್ಲ. ಅಂದದ್ದೇ ಮಾತು. ಹೆಣದ ಮುಂದೆ ಸುಳ್ಳು ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಅಂತ ಆ ಓಣಿಯವರು ತಿಳಿದಿದ್ದರು. ಹುಟ್ಟಿ, ಬೆಳೆದು, ಮೂರು ಅಂತಸ್ತು ಕಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ.

ಮಸೀದಿಯ ಪೇಶ್ ಇಮಾಮರು ರಜಾಕ್‌ನ ಮಗ ನದೀಮ್‌ನ ಹೆಗಲು ಮುಟ್ಟಿದರು. "ಕೇಳು ಬೇಟಾ."

"ಭಾಯಿಯೋರೆ," ನದೀಮ್ ಜನರ ಕಡೆ ತಿರುಗಿದ. "ನಮ್ಮ ಅಬ್ಬಾ ಯಾರಿಗರೆ ರೊಕ್ಕ ಕೊಡೋದಿದ್ದರ ಈಗ ಹೇಳ್ರಿ. ಮಾಫ್ ಮಾಡ್ರಿ, ಇಲ್ಲಂದ್ರ ನನ್ನ ಹೆಗಲ ಮ್ಯಾಲ ಹಾಕ್ರಿ. ಅವರಿಗಿ ಹಗುರ ಮಾಡಿ ಕಳಸ್ರಿ."

ಕಿರಾಣಿ ಅಂಗಡಿಯವನು ಮುಂದೆ ಬಂದ. "ಒಂದು ಚಾಪುಡಿ, ಅರ್ಧ ಕಿಲೋ ಸಕ್ರಿ. ಮಾಫ್."

ಅವನ ಹಿಂದೆ ಶ್ರೀಮಂತ ಬಂದ. ರಜಾಕ್‌ನ ಜೊತೆ ಕಲ್ಲು ಹೊರುತ್ತಿದ್ದವನು. ಹೆಸರು ಶ್ರೀಮಂತ, ಅಂಗಿಗೆ ಗುಂಡಿ ಇಲ್ಲ. "ನಂದೊಂದು ಬೀಡಿ ಕಟ್ಟು. ಮಾಫ್ ಏನು, ಜೋಡಿಗಿ ಇನ್ನೊಂದು ಕಟ್ಟು ಕೊಟ್ಟು ಕಳಸ್ತಿದ್ದೆ," ಅಂದವನು ಅತ್ತುಬಿಟ್ಟ.

ಮೋರಿ ಕೆಲಸದಲ್ಲಿ ರಜಾಕ್‌ಗೆ ಗಾರೆ ಹೊರುತ್ತಿದ್ದ ಸುಮನಬಾಯಿ ದೂರದಿಂದಲೇ ಕೂಗಿದಳು. "ನನಗ ರಜಾಕ್ ಭಾಯಿ ಕೊಡೋದೇನಿಲ್ಲಪ್ಪೋ. ನಾನೇ ಭಾಬಿಗಿ ಸೇರು ಹಿಟ್ಟು ಕೊಡೋದದ."

ಅವಳಿಗೂ ಸರ್ದಾರಬಿಗೂ ನಡುವೆ ಆ ಹಿಟ್ಟಿನ ವ್ಯವಹಾರ ಮದುವೆಯಾಗಿ ಬಂದಾಗಿನಿಂದ ನಡೆದಿತ್ತು. ತರುವಾಗ ಸೇರು ಮಟ್ಟಸ. ತಿರುಗಿ ಕೊಡುವಾಗ ಗೋಪುರ ಏರಿಸಿ, ನೆಲಕ್ಕೆ ಸುರಿಯುವ ಹಾಗೆ. ಇಬ್ಬರೂ ಹಾಗೆ ಕೊಟ್ಟು ಕೊಟ್ಟು, ನಡುವಿನ ಹಾದಿಯ ಇರುವೆಗಳು ಕೊಬ್ಬಿ ಬೆಕ್ಕಿನ ಮರಿಯಷ್ಟಾಗಿದ್ದವು.

ಇನ್ನೇನು ಜನಾಜಾ ಎತ್ತಬೇಕು. ಆಗ ಲಾಲಪ್ಪ ಮುಂದೆ ಬಂದ. ಇಸ್ತ್ರಿ ಹೊಡೆದ ಬಿಳಿ ಅಂಗಿ, ಬಿಳಿ ಧೋತರ, ಕೈಯಲ್ಲಿ ಬಿಳಿ ಕರವಸ್ತ್ರ. ಮೀನಿನ ಕೆರೆಯ ದಂಡೆಯಲ್ಲಿ ನಿಂತ ಬೆಳ್ಳಕ್ಕಿಯ ಹಾಗೆ. ನೀರಿಲ್ಲದ ಕಣ್ಣು ಒರೆಸಿಕೊಂಡ.

"ಹೇಳಬಾರದು ಅನಕೊಂಡಿದ್ದೆ. ಆದ್ರ ಹೇಳದೇ ಇದ್ರ ಸತ್ತವನಿಗೇ ತ್ರಾಸ ಅಂತಲ್ಲ ನಿಮ್ಮಲ್ಲಿ? ರಜಾಕ್ ನನ್ನ ಬಲ್ಲಿ ನಲವತ್ತು ಸಾವಿರ ಅಡ್ವಾನ್ಸ್ ತಗೊಂಡಿದ್ದ. ಮಾಫ್ ಮಾಡ್ತಿದ್ದೆ. ಏನ್ ಮಾಡ್ಲಿ, ನನಗ ಭಿ ಹೆಂಡ್ರು ಮಕ್ಕಳು ಅವ."

ಲಾಲಪ್ಪ ಅಡ್ವಾನ್ಸ್ ಕೊಟ್ಟ ಅನ್ನುವುದು ಕೋಣ ಕರು ಹಾಕಿತು ಅಂದ ಹಾಗೆ. ದುಡಿದ ಪಗಾರವನ್ನೇ ಕೊಡದವನು ಮುಂಗಡ ಕೊಟ್ಟನೆ? ಅಲ್ಲಿದ್ದ ಕೂಲಿಯವರಿಗೆಲ್ಲ ಗೊತ್ತಿತ್ತು. ಶ್ರೀಮಂತ ಬಾಯಿ ತೆರೆದ, ಮುಚ್ಚಿದ. ನದೀಮ್ ಲಾಲಪ್ಪನ ಮುನ್ಷಿ ಸರ್ಫರಾಜ್‌ನ ಮುಖ ನೋಡಿದ. ಕೂಲಿಯ ಲೆಕ್ಕವೆಲ್ಲ ಅವನ ಕೈಯಲ್ಲಿ. ಸರ್ಫರಾಜ್ ತನ್ನ ಚಪ್ಪಲಿ ನೋಡಿಕೊಂಡ.

ಒಳಗೆ ಪರದೆಯ ಹಿಂದೆ ಸರ್ದಾರಬಿಯ ನಾಲಿಗೆ ಸುಟ್ಟ ರೊಟ್ಟಿಯ ಹಾಗೆ ಬಿರುಸಾಗಿತ್ತು. 'ಸುಳ್ಳ' ಅಂತ ಒಂದೇ ಒಂದು ಮಾತು ಬರಬೇಕಿತ್ತು. ಆದರೆ ಹೆಣ ಅಂಗಳದಲ್ಲಿತ್ತು. ಹೆಣ ಕಾಯಬಾರದು.

"ನನ್ನ ಹೆಗಲ ಮ್ಯಾಲ ಹಾಕ್ರಿ, ಸಾವಕಾರ್ರೆ," ಅಂದ ನದೀಮ್.

ಜನಾಜಾ ಎದ್ದಿತು. ಲಾಲಪ್ಪ ಹತ್ತು ಹೆಜ್ಜೆ ಹೆಗಲೂ ಕೊಟ್ಟ. ಅಂಗಿ ಹೊಲಸಾದೀತೆಂದು ಭುಜದ ಮೇಲೆ ಕರವಸ್ತ್ರ ಹಾಕಿಕೊಂಡು.

ನದೀಮ್ ಹುಮನಾಬಾದಿನ ಒಂದು ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ. ಹಿಂದಿನ ಫಳಿಯ ಮೇಲೆ ಅವನು ನವಿಲು ಬರೆದರೆ ಹಿಂದೆ ಬರುವ ಗಾಡಿಯವರು ಹಾರನ್ ಬಾರಿಸುವುದನ್ನು ಮರೆಯುತ್ತಿದ್ದರು, ಎಲ್ಲಿ ಹಾರಿಹೋದೀತೋ ಅಂತ. ಆ ಕೆಲಸ ಬಿಡಿಸಿ ಲಾಲಪ್ಪ ಅವನನ್ನು ತನ್ನ ಸೈಟಿಗೆ ಹಾಕಿಕೊಂಡ. ಸಾಲ ಮುರಿಯುವ ತನಕ ಪಗಾರವಿಲ್ಲ, ಊಟಕ್ಕೆ ಖರ್ಚು ಮಾತ್ರ. ಹೆಗಲ ಮೇಲೆ ಹಾಕ್ರಿ ಅಂದಿದ್ದ ಹುಡುಗ. ಲಾಲಪ್ಪ ಹಾಕಿದ, ಸಿಮೆಂಟಿನ ಚೀಲದ ಮೇಲೆ ಚೀಲ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಹೊಸ್ತಿಲು ದಾಟಬಾರದು. ಅದು ಇದ್ದತ್. ಸರ್ದಾರಬಿ ಕೂತಳು. ಚೀಲದ ಗೋಡೆ ಉಸಿರಾಡುವುದನ್ನು ನೋಡುತ್ತ ಕೂತಳು. ಅವಳ ಕಣ್ಣ ಮುಂದೆ ಒಂದೇ ಚಿತ್ರ. ಮೇಲಿನ ಬಾಗಿಲ ಹೊರಗೆ ರಜಾಕ್ ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ನಿಂತಿದ್ದಾನೆ. ಬದುಕಿದ್ದಾಗ ಲಾಲಪ್ಪನ ಆಫೀಸಿನ ಬಾಗಿಲಲ್ಲಿ ನಿಂತ ಹಾಗೇ. ಒಳಗಿನಿಂದ ಯಾರೋ ಹೇಳುತ್ತಾರೆ: ಇನ್ನೂ ಆಗಿಲ್ಲ, ನಾಳೆ ಬಾ.

"ಬದುಕಿದ್ದಾಗ ಒಂದು ಬಾಗಿಲು, ಸತ್ತ ಮ್ಯಾಲ ಇನ್ನೊಂದು ಬಾಗಿಲು," ಅಂದಳು ಸುಮನಬಾಯಿಗೆ. "ನನ್ನ ಗಂಡ ಎಲ್ಲರ ಮನೀಗಿ ಬಾಗಿಲಾ ಕೂಡಿಸ್ದ. ಅವನಿಗಿ ಮಾತ್ರ ಯಾರೂ ಒಂದು ತೆರೀವಲ್ರು."

"ರೊಕ್ಕ ಹೋದ್ರ ಹೋಗ್ಲಿ ಭಾಬಿ, ನದೀಮ್‌ನ ಬಿಡಿಸ್ಕೊ."

"ರೊಕ್ಕಕ್ಕ ಬೆಂಕಿ ಹಚ್ಚು. ಇಲ್ಲದ ಸಾಲ ಅವನ ಹೆಣದ ಮ್ಯಾಲ ಹೊಚ್ಯಾನ ನೋಡು ಆ ಲಾಲ್ಯಾ. ಅದು ತೆಗೀಬೇಕು. ಅವನ ಬಾಯಿಂದೇ ತೆಗಸ್ಬೇಕು."

ಇದ್ದತ್ ಮುಗಿದ ಮರುದಿನವೇ ಇಬ್ಬರೂ ಟಮಟಮ್ ಹತ್ತಿ ಹುಮನಾಬಾದಿಗೆ ಹೋದರು. ಫಂಕ್ಷನ್ ಹಾಲಿನ ಕೆಳಗೇ ಲಾಲಪ್ಪನ ಆಫೀಸು. ನೆಲದ ಹಾಸುಗಲ್ಲು ಎಷ್ಟು ನುಣ್ಣಗಿತ್ತೆಂದರೆ ಸುಮನಬಾಯಿ ತನ್ನ ಮುಖ ಅದರಲ್ಲಿ ಕಂಡು, ಯಾರೋ ಬಡವಿ ಕೆಳಗೆ ಬಿದ್ದಿದ್ದಾಳೆ ಅಂದುಕೊಂಡು ಸರಿದು ನಿಂತಳು.

"ಸಾವಕಾರ್ರೆ, ಅವನು ನಿಮ್ಮ ಬಲ್ಲಿ ಅಡ್ವಾನ್ಸ್ ತಗೊಂಡಿಲ್ಲ. ನೀವೇ ಏಳು ತಿಂಗಳ ಪಗಾರ ಕೊಡೋದದ," ಅಂದಳು ಸರ್ದಾರಬಿ.

ಲಾಲಪ್ಪ ಎರಡೂ ಕೈ ತಲೆಗೆ ಹಚ್ಚಿದ. "ಯವ್ವಾ, ಬಿಲ್ ಆಗಿಲ್ಲ! ನನ್ನ ಹಾಲ್ ನಿನಗೇನು ಗೊತ್ತು? ಮ್ಯಾಲಿಂದ ಕೆಳಗಿನ ತನಾ ಸಾಲದಾಗ ಮುಳುಗೀನಿ. ಇಷ ತಗೋಬೇಕಂದ್ರ ಬಾಟ್ಲಿ ತರಾಕ ರೊಕ್ಕಿಲ್ಲ ನನ್ನ ಬಲ್ಲಿ!"

ಅವನ ಬೆರಳಿನ ಉಂಗುರಗಳು ಅವನ ಜೊತೆ ಗಡಗಡ ನಡುಗಿದವು. ಅವನ ಬಡತನ ನೋಡಿ ಸರ್ದಾರಬಿಯ ಕರುಳು ಕಿತ್ತು ಬಂತು. ಸೆರಗಿನ ಗಂಟು ಬಿಚ್ಚಿ ಟಮಟಮ್‌ಗೆಂದು ಇಟ್ಟ ಹತ್ತರ ನೋಟು ಅವನ ಮೇಜಿನ ಮೇಲೆ ಇಟ್ಟಳು.

"ತಗೋರಿ. ಬಾಟ್ಲಿಗಿ ಇಲ್ಲ, ಚಾಕ್ಕ. ಇಂಥಾ ಗರೀಬ ಮನ್ಷಾನ ನಾ ನೋಡಿಲ್ಲ."

ಸುಮನಬಾಯಿ ಬಾಯಿಗೆ ಸೆರಗು ತುರುಕಿಕೊಂಡಳು. ಲಾಲಪ್ಪನಿಗೆ ಚೇಷ್ಟೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೊರಗ ನಡೀರಿ! ಸತ್ತವನ ಹೆಸರು ಹೇಳಿ ಭಿಕ್ಷಾ ಬೇಡಾಕ ಬಂದಾರ. ಆಖಿರತ್ತಿನ, ಆ ಮ್ಯಾಲಿನ ಲೆಕ್ಕದ ಅಂಜಿಕಿ ಇಲ್ಲೇನು ನಿಮಗ?"

ಆ ಹತ್ತು ರೂಪಾಯಿ ಮಾತ್ರ ಅವನ ಮೇಜಿನ ಮೇಲೆಯೇ ಉಳಿಯಿತು. ಇಬ್ಬರೂ ಅರ್ಧ ದಾರಿ ನಡೆದೇ ಬಂದರು.

ಇದಾಗಿ ಎರಡು ವಾರಕ್ಕೆ ಸರ್ಫರಾಜ್ ಮೋಟರ್ ಸೈಕಲ್ ಮೇಲೆ ಓಣಿಗೆ ಬಂದ. ಅವನು ಸರ್ದಾರಬಿಗೆ ದೂರದ ಸಂಬಂಧದಲ್ಲಿ ಅಕ್ಕನ ಮಗ. ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತ.

"ಖಾಲಾ, ನಾಳೆ ಮುಂಜಾನಿ ತಲಾಟಿ ಬರ್ತಾರ. ಪಂಚನಾಮಾ ಅದ. ನೀವು ಒಂದು ಹೆಬ್ಬೆಟ್ಟು ಒತ್ತಬೇಕು."

"ಯಾರು ಸತ್ತರಪ್ಪಾ?"

"ಯಾರೂ ಸತ್ತಿಲ್ಲ. ಸಾವಕಾರ್ರಿಗಿ ಸಾಲ್ವೆನ್ಸಿ ಬೇಕಾಗ್ಯದ. ದೊಡ್ಡ ಟೆಂಡರ್ ಅದ, ನಾಡದು ಆಖರಿ ದಿನ. ಈ ಮನ್ಷಾಗ ಎಷ್ಟರೆ ಸಾಲ ಇರ್ಲಿ, ತೀರ್ಸೋ ತಾಕತ್ತ ಅದ ಅಂತ ತಹಸೀಲ್ದಾರ ಬರದು ಕೊಡ್ತಾರ ನೋಡ್ರಿ, ಅದು. ಅದಕ್ಕ ಊರಾಗಿನ ಪಂಚರು ಹೌದು ಅನ್ಬೇಕು. ಆಜುಬಾಜುದವರು ಬೇಕೇ ಬೇಕು. ಪ್ಲಾಟಿನ ಮೂಡಣಕ್ಕ ನಿಮ್ಮ ಮನೀನೇ ಅದ."

"ಏನಂತ ಹೌದು ಅನ್ಬೇಕು?"

ಸರ್ಫರಾಜ್ ಮತ್ತೆ ತನ್ನ ಚಪ್ಪಲಿ ನೋಡಿದ. "ಅವರು ಯಾರಿಗೂ ಏನೂ ಕೊಡೋದಿಲ್ಲ ಅಂತ."

ಸರ್ದಾರಬಿ ಹಿಂದೆ ತಿರುಗಿ ನೋಡಿದಳು. ಚೀಲದ ಗೋಡೆ ಒಮ್ಮೆ ಉಸಿರೆಳೆದು ಬಿಟ್ಟಿತು.

"ಎಲ್ಲಾ ಕೂಲಿ ಮಂದಿಗಿ ಭಿ ಕರದಾರ ಖಾಲಾ. ಟೆಂಡರ್ ಆಯ್ತಂದ್ರ ಎಲ್ಲರ ಪಗಾರ ಕೊಡ್ತಾರಂತ. ಜಿಲೇಬಿ ಅದ, ಚಾ ಅದ. ನದೀಮ್‌ದು ಭಿ ಏನರೆ ನೋಡೋಣ ಅಂದಾರ."

"ನಿಂದು ಪಗಾರ ಕೊಟ್ಟಾನೇನು ಬೇಟಾ?"

ಅವನು ಮೋಟರ್ ಸೈಕಲ್ ಚಾಲೂ ಮಾಡಿದ. ಉತ್ತರ ಹೊಗೆಯಲ್ಲಿ ಹೋಯಿತು.

"ಬರ್ತೀನಿ ಅಂತ ಹೇಳು," ಅಂತ ಕೂಗಿದಳು ಸರ್ದಾರಬಿ. "ಸಾವಕಾರ್ರ ಕೆಲಸ. ಬರದೇ ಇರ್ತೀನೇನು?"

ಮುಂಜಾನೆ ಲಾಲಪ್ಪನ ಪ್ಲಾಟಿನಲ್ಲಿ ಶಾಮಿಯಾನ ಬಿದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಪರಾತದ ತುಂಬ ಜಿಲೇಬಿ. ಊರಿನ ನೊಣಗಳೆಲ್ಲ ಸಾಕ್ಷಿ ಹೇಳಲು ಮೊದಲೇ ಬಂದು ಕೂತಿದ್ದವು. ನೆರಳಿನಲ್ಲಿ ಲಾಲಪ್ಪನ ಮಗ ಹೊಸ ಕಾರಿನೊಳಗೆ ತಂಪು ಹಾಕಿಕೊಂಡು ಮೊಬೈಲು ನೋಡುತ್ತಿದ್ದ. ಒಂದು ಮೂಲೆಯಲ್ಲಿ ನದೀಮ್ ಟಿಪ್ಪರಿನಿಂದ ಸಿಮೆಂಟಿನ ಚೀಲ ಇಳಿಸುತ್ತಿದ್ದ. ಲಾಲಪ್ಪ ನಡುವಿನ ಕುರ್ಚಿಯಲ್ಲಿ ಬೆಳ್ಳಗೆ ಕೂತಿದ್ದ. ಅತ್ತರಿನ ವಾಸನೆ ಹುಮನಾಬಾದಿನ ಬಸ್ ನಿಲ್ದಾಣದ ತನಕ ಹೋಗುತ್ತಿತ್ತು.

ಊರಿನ ಹೊಲ-ಮನೆಗಳ ಲೆಕ್ಕ ಬರೆಯುವ ತಲಾಟಿ ಎಳೆಯ ಪ್ರಾಯದವನು. ಬೆವರು ಒರೆಸಿಕೊಂಡು ಓದಲು ಶುರು ಮಾಡಿದ. ಮುಡಬಿಯಲ್ಲಿ ಹೊಲ, ಹುಲಸೂರ ಕಡೆ ಹೊಲ, ಹುಮನಾಬಾದಿನಲ್ಲಿ ಫಂಕ್ಷನ್ ಹಾಲ್, ಬಸವಕಲ್ಯಾಣದಲ್ಲಿ ಅಂಗಡಿ ಸಾಲು, ಟಿಪ್ಪರ್, ಜೆಸಿಬಿ, ಬಂಗಾರ. ಓದಿ ಓದಿ ಅವನ ಬಾಯಿ ಒಣಗಿತು. ಎರಡು ಸಲ ನೀರು ಕುಡಿದ. ಆಸ್ತಿ ಮುಗಿಯಲಿಲ್ಲ.

"ಯವ್ವಾ ನನ್ನವ್ವಾ," ಅಂದಳು ಸುಮನಬಾಯಿ. "ಮೊನ್ನಿ ಇಷದ ಬಾಟ್ಲಿಗಿ ರೊಕ್ಕಿರಲಿಲ್ಲ ಪಾಪ. ಎರಡು ವಾರದಾಗ ಇಷ್ಟೆಲ್ಲಾ ಆಯ್ತು? ಭಾಬಿ, ನಿನ್ನ ಹತ್ತು ರೂಪಾಯಿ ಬರಕತ್ತ ನೋಡು!"

ಹೆಂಗಸರು ಕಿಸಕ್ಕೆಂದರು. ಲಾಲಪ್ಪ ಗಂಟಲು ಕೆರೆದ. ತಲಾಟಿ ಕೊನೆಯ ಸಾಲಿಗೆ ಬಂದ.

"ಸದರಿ ಲಾಲಪ್ಪ ಇವರು ಸ್ಥಿತಿವಂತರಾಗಿದ್ದು, ಎಂಥ ಸಾಲವನ್ನಾದರೂ ತೀರಿಸಲು ಶಕ್ತರಿದ್ದು, ಊರಿನಲ್ಲಿ ಯಾರಿಗೂ ಏನೂ ಬಾಕಿ ಇರುವುದಿಲ್ಲವೆಂದು ಪಂಚರಾದ ನಾವು ಒಪ್ಪಿ... ಮೂಡಣದ ಮನೆಯವರು ಯಾರ್ರಿ? ಬರ್ರಿ ಅಮ್ಮಾ."

ಸರ್ದಾರಬಿ ಎದ್ದು ಹೋದಳು. ಸರ್ಫರಾಜ್ ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದ. ಅವಳು ಬೆರಳನ್ನು ಕಾಗದದ ತನಕ ಒಯ್ದು ಅಲ್ಲೇ ನಿಲ್ಲಿಸಿದಳು.

"ಒಂದು ಮಾತು ಕೇಳ್ಲೇನು ಸಾಬ್? ಸಾವಕಾರ್ರಿಗಿ ಕೊಡೋ ತಾಕತ್ತ ಅದ ಅಂತ ಬರದೀರಿ. ಕೊಡ್ತಾರ ಅಂತ ಎಲ್ಲಿ ಬರದೀರಿ?"

"ಅದು ಇದರಾಗ ಬರಂಗಿಲ್ಲ ಅಮ್ಮಾ. ತಾಕತ್ತ ಅದನೋ ಇಲ್ಲೋ, ಅಷ್ಟೇ ನಾವು ನೋಡೋದು. ಕೊಡೋದು ಬಿಡೋದು ಅವರ ಮರ್ಜಿ."

"ತಾಕತ್ತ ಇದ್ದು ಕೊಡದೇ ಇದ್ದವರಿಗಿ ಏನಂತೀರಿ?"

"ಫಸ್ಟ್ ಕ್ಲಾಸ್ ಕಂಟ್ರಾಕ್ಟರ್ ಅಂತಾರ ಭಾಬಿ!" ಹಿಂದಿನಿಂದ ಶ್ರೀಮಂತ ಕೂಗಿ ತಲೆ ತಗ್ಗಿಸಿದ. ಶಾಮಿಯಾನ ನಗೆಯಿಂದ ಉಬ್ಬಿತು.

"ತಾಕತ್ತ ಇಲ್ಲದೇ ಭಿ ಕೊಟ್ಟವರಿಗಿ? ನನ್ನ ಗಂಡ ಬೀಡಿ ಕಟ್ಟಿನ ಸಾಲ ಭಿ ಇಟ್ಕೊಂಡು ಹೋಗ್ಲಿಲ್ಲ. ಅಂಥವರಿಗಿ ಏನು ಬರದು ಕೊಡ್ತೀರಿ?"

"ಅವರಿಗಿ... ಅವರಿಗಿ ಏನೂ ಇಲ್ಲ ಅಮ್ಮಾ." ತಲಾಟಿ ಗಡಿಯಾರ ನೋಡಿದ. "ಒತ್ತರಿ ಜಲ್ದಿ."

"ಒತ್ತತೀನಿ. ಆದ್ರ ಯಾರಿಗೂ ಬಾಕಿ ಇಲ್ಲ ಅಂತ ನಾ ಒಬ್ಬಾಕಿ ಹ್ಯಾಂಗ ಹೇಳ್ಲಿ? ನಮ್ಮ ಓಣ್ಯಾಗ ಕೇಳೋದೊಂದು ರಿವಾಜದ. ಕೇಳಿ ಒತ್ತತೀನಿ."

ಸರ್ದಾರಬಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. ಶಾಯಿಯ ಬೆರಳು ಮೇಲೆತ್ತಿ ಜನರ ಕಡೆ ತಿರುಗಿದಳು. ಅಂದು ಪರದೆಯ ಹಿಂದೆ ಸುಟ್ಟು ಬಿರುಸಾಗಿದ್ದ ನಾಲಿಗೆ ಇಂದು ಮುಡಬಿಯ ನಾಲ್ಕೂ ದಿಕ್ಕಿಗೆ ಕೇಳುವ ಹಾಗೆ ಹೊರಳಿತು.

"ಭಾಯಿಯೋರೆ! ಅಕ್ಕ ತಂಗ್ಯಾರೆ! ಲಾಲಪ್ಪ ಸಾವಕಾರ್ರ ಜನಾಜಾ ತಯಾರದ. ಬಿಳೇ ಅರಿವಿ ಹಾಕ್ಯಾರ, ಅತ್ತರ ಹಚ್ಯಾರ. ಅವರು ಯಾರಿಗರೆ ರೊಕ್ಕ ಕೊಡೋದಿದ್ದರ ಈಗ ಹೇಳ್ರಿ! ಮಾಫ್ ಮಾಡ್ರಿ, ಇಲ್ಲಂದ್ರ ಅವರ ಮಗನ ಹೆಗಲ ಮ್ಯಾಲ ಹಾಕ್ರಿ!"

ಲಾಲಪ್ಪ ಕುರ್ಚಿಯಿಂದ ಹಾರಿ ಎದ್ದ. "ಏ ಮುದುಕಿ! ತಲಿ ಕೆಟ್ಟದೇನು? ನಾ ಜೀವಂತ ಇದ್ದೀನಿ!"

"ಗೊತ್ತದ್ರಿ. ಬಡವರಿಗಿ ಸತ್ತ ಮ್ಯಾಲ ಕೇಳ್ತಾರ. ನೀವು ದೊಡ್ಡವರು, ನಿಮಗ ಅಡ್ವಾನ್ಸ್."

ಮೊದಲು ಎದ್ದವಳು ಸುಮನಬಾಯಿ. "ನಂದು ಮೋರಿ ಕೆಲಸದ ಪಗಾರ. ಮಾಫ್ ಇಲ್ಲ."

ಅವಳ ಹಿಂದೆ ಗಾರೆ ಕಲಸುವ ಮೀನಾ. ಹೊಟ್ಟೆಯಲ್ಲಿ ಕೂಸಿದ್ದಾಗ ಹೊತ್ತ ಮರಳಿನ ಕೂಲಿ ಕೂಸು ನಡೆಯುವ ಹೊತ್ತಿಗೂ ಬಂದಿರಲಿಲ್ಲ. "ನಂದು ಭಿ. ಮಾಫ್ ಇಲ್ಲ." ಟಿಪ್ಪರಿನ ಡ್ರೈವರು ಇಳಿದು ಬಂದ. ಶಾಮಿಯಾನದವನು ಹಗ್ಗ ಬಿಗಿಯುವುದನ್ನು ಬಿಟ್ಟು, ಹೋದ ವರ್ಷದ ಶಾಮಿಯಾನದ ಬಾಡಿಗೆ ಅಂದ. ಜಿಲೇಬಿಯವನು ಕೈ ಎತ್ತಿದ. "ಇವತ್ತಿಂದು ಬಿಡ್ರಿ, ಫಂಕ್ಷನ್ ಹಾಲ್ ಪೂಜಾದ ಜಿಲೇಬಿದು ಇನ್ನಾ ಬಂದಿಲ್ಲ." ಒಬ್ಬರ ಹಿಂದೆ ಒಬ್ಬರು ಎದ್ದರು. ಕೂತವರು ಯಾರೂ ಉಳಿಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಿಗೆ ಬಾಯಿ ಇದ್ದರೆ ಅವೂ ತಮ್ಮ ಬಾಕಿ ಕೇಳುತ್ತಿದ್ದವು.

ಶಾಯಿಯ ಡಬ್ಬಿ ಹಿಡಿದು ನಿಂತಿದ್ದ ಸರ್ಫರಾಜ್ ಈ ಸಲ ಚಪ್ಪಲಿ ನೋಡಲಿಲ್ಲ. "ಐದು ತಿಂಗಳು," ಅಂದ. "ನಂದು."

"ನೀ ಭಿ ಏನಲೇ?" ಲಾಲಪ್ಪನ ದನಿ ಒಡೆಯಿತು.

ಸರ್ದಾರಬಿ ಕಾರಿನ ಕಡೆ ತಿರುಗಿದಳು. "ಬಾರಪ್ಪಾ ತಮ್ಮಾ. ನನ್ನ ಮಗ ತಗೊಂಡ, ನೀನು ಭಿ ತಗೋ. ನಿನ್ನ ಹೆಗಲೆಲ್ಲದ?"

ಕಾರಿನ ಕಿಟಕಿಯ ಗಾಜು ಸದ್ದಿಲ್ಲದೆ ಮೇಲೇರಿತು.

ಆಗ ಶ್ರೀಮಂತ ಗುಂಡಿಯಿಲ್ಲದ ಅಂಗಿ ಎದೆಯ ಮೇಲೆ ಹಿಡಿದುಕೊಂಡು ಎಲ್ಲರ ಮುಂದೆ ಬಂದ. "ತಲಾಟಿ ಸಾಹೇಬ್ರೆ, ಇದು ಭಿ ಬರ್ಕೊರಿ. ರಜಾಕ್ ಗೌಂಡಿ ಯಾವ ಅಡ್ವಾನ್ಸ್ ಭಿ ತಗೊಂಡಿಲ್ಲ. ನಮಗೆಲ್ಲಾ ಗೊತ್ತಿತ್ತು. ಅಂದು ಹೆಣ ಕಾಯಬಾರದು ಅಂತ ಬಾಯಿ ಮುಚ್ಚಿದ್ವಿ."

"ಹೌದು, ಬಾಯಿ ಮುಚ್ಚಿದ್ವಿ," ಅಂದರು ಹಿಂದಿನವರು.

ತಲಾಟಿ ಪೆನ್ನಿನ ಮುಚ್ಚಳ ಹಾಕಿದ. "ಸಾವಕಾರ್ರೆ, ಇಷ್ಟು ಮಂದಿ ತಕರಾರು ಇದ್ರ ನಾ ಇದನ್ನ ಹ್ಯಾಂಗ ಕಳಸ್ಲಿ?"

ನಾಳೆಯೇ ಟೆಂಡರಿನ ಕೊನೆಯ ದಿನ. ಲಾಲಪ್ಪನ ಬಿಳಿ ಅಂಗಿಯ ಬೆನ್ನು ಬೆವರಿನಿಂದ ಅಂಟಿತು. ಅವನು ಸರ್ದಾರಬಿಯ ಹತ್ತಿರ ಬಂದು ದನಿ ಇಳಿಸಿದ. "ಆಯ್ತು ಬಿಡವ್ವಾ. ಆ ನಲವತ್ತು ಸಾವಿರ ಮಾಫ್ ಮಾಡೀನಿ. ನಿನ್ನ ಮಗನಿಗಿ ಕರ್ಕೊಂಡು ಹೋಗು. ಒತ್ತು ಹೆಬ್ಬೆಟ್ಟು."

"ಇಲ್ಲದ ಸಾಲ ಮಾಫ್ ಮಾಡಬ್ಯಾಡ್ರಿ ಸಾವಕಾರ್ರೆ, ಪುಣ್ಯ ಹೆಚ್ಚಾಗಿ ಹೊಟ್ಟಿ ಉಬ್ಬತದ. ಇರಲಿಲ್ಲ ಅನ್ರಿ."

ಲಾಲಪ್ಪ ಅವಳ ಬೆರಳು ನೋಡಿದ, ಕಾಗದ ನೋಡಿದ. ತುಟಿಯಲ್ಲೇ ಏನೋ ಅಂದ.

"ಜೋರಲೆ ಅನ್ರಿ. ಖಬರಿಸ್ತಾನ ಊರ ಹೊರಗದ. ಅವನಿಗಿ ಕೇಳಬೇಕು."

"ಇರಲಿಲ್ಲ!" ಕಿರುಚಿದ ಲಾಲಪ್ಪ. "ರಜಾಕ್‌ಗ ನಾ ಯಾವ ಅಡ್ವಾನ್ಸ್ ಭಿ ಕೊಟ್ಟಿರಲಿಲ್ಲ! ಆಯ್ತಾ?"

ಮೂಲೆಯಲ್ಲಿ ಧಪ್ಪೆಂದು ಸದ್ದಾಯಿತು. ನದೀಮ್ ಹೆಗಲ ಮೇಲಿನ ಚೀಲವನ್ನು ಇಳಿಸಿರಲಿಲ್ಲ, ಬಿಟ್ಟುಬಿಟ್ಟಿದ್ದ. ಚೀಲ ಒಡೆದು ಸಿಮೆಂಟಿನ ಧೂಳು ಮೋಡದ ಹಾಗೆ ಎದ್ದಿತು. ಅದರೊಳಗಿಂದ ಅವನು ಮೈ ಝಾಡಿಸುತ್ತ ನಡೆದು ಬಂದು ತಾಯಿಯ ಪಕ್ಕ ನಿಂತ. ಸರ್ದಾರಬಿ ಕಣ್ಣು ಮುಚ್ಚಿದಳು. ಎಲ್ಲೋ ಮೇಲೆ ಒಂದು ಬಾಗಿಲು, ಅದೂ ಯಾರೋ ಹೊಸಬ ಗೌಂಡಿ ಕೂಡಿಸಿದ ಸೊಟ್ಟ ಬಾಗಿಲು, ಕಿರ್ರೆಂದು ತೆರೆದ ಹಾಗಾಯಿತು. ಒಳಗೆ ಹೋಗುವ ಮೊದಲು ರಜಾಕ್ ಅದರ ಚೌಕಟ್ಟನ್ನು ಮುಟ್ಟಿ ನೋಡಿ, ಇದನ್ನು ಮೊದಲು ಸರಿ ಮಾಡಬೇಕು ಅಂದಿರುತ್ತಾನೆ.

"ಇನ್ನ ಒತ್ತು," ಅಂದ ಲಾಲಪ್ಪ.

ಸರ್ದಾರಬಿ ಕಣ್ಣು ತೆರೆದಳು. ಶಾಯಿಯ ಬೆರಳನ್ನು ತನ್ನ ಸೆರಗಿಗೆ ನಿಧಾನವಾಗಿ ಒರೆಸಿಕೊಂಡಳು, ಒಂದು ಗೆರೆಯೂ ಉಳಿಯದ ಹಾಗೆ.

"ಅವನು ನಿಮಗ ಕೊಡೋದು ಮುಗೀತು. ನೀವು ಅವನಿಗಿ ಕೊಡೋದು ಇನ್ನ ಅದ. ಇವರೆಲ್ಲರದು ಅದ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಸುಮನಬಾಯಿ ಕೂತಳು. ಮೀನಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಶ್ರೀಮಂತ, ನದೀಮ್, ಡ್ರೈವರು, ಶಾಮಿಯಾನದವನು, ಒಬ್ಬರ ಹಿಂದೆ ಒಬ್ಬರು ಸುತ್ತಲೂ ಕೂತರು. ನಡುವೆ ಲಾಲಪ್ಪ ಒಬ್ಬನೇ ನಿಂತಿದ್ದ. ಹೊರಗೆ ಹೋಗಲು ಅವನಿಗೆ ಒಂದು ಗೇಣು ದಾರಿಯೂ ಇರಲಿಲ್ಲ. ಜಿಲೇಬಿಯ ಪರಾತ ಹಿಡಿದು ಬಂದವನಿಗೆ ಸುಮನಬಾಯಿ ಕೈ ಅಡ್ಡ ಮಾಡಿದಳು. "ಒಯ್ಯಪ್ಪಾ. ಹೆಣದ ಮುಂದ ಯಾರರೆ ಸೀ ತಿಂತಾರೇನು?"

"ಏಳ್ರಿ! ಎದ್ದು ಹೋಗ್ರಿ!" ಲಾಲಪ್ಪ ಗಡಿಯಾರ ನೋಡಿದ, ತಲಾಟಿಯನ್ನು ನೋಡಿದ, ಮುಚ್ಚಿದ ಕಾರನ್ನು ನೋಡಿದ. "ನನಗ ಬಸವಕಲ್ಯಾಣಕ್ಕ ತಹಸೀಲ್ದಾರರ ಬಲ್ಲಿ ಹೋಗೋದದ! ಹೊತ್ತಾಗಾಕತ್ತದ!"

ಸರ್ದಾರಬಿ ಕಾಲು ಚಾಚಿ ಆರಾಮಾಗಿ ಕೂತು, ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದಳು. ಸುಮನಬಾಯಿಗೆ ಅರ್ಧ ಕೊಟ್ಟಳು.

"ಈ ಹೆಣಕ್ಕ ಏನೂ ಅವಸರಿಲ್ರಿ ಸಾವಕಾರ್ರೆ. ಮಣ್ಣು ಕೊಡ್ತೀವಿ, ಕೊಡಲಾರದೇ ಎಲ್ಲಿ ಹೋಗ್ತೀವಿ?" ಅಂದಳು. "ಜರಾ ಬಿಲ್ ಆಗ್ಲಿ."